ಕುರ್ಚಿಗೆ ಕೀಲಿ ಇರುವುದಿಲ್ಲ

ಅಧ್ಯಕ್ಷತೆ ವಹಿಸಿರುವ ನಮ್ಮ ಡ್ರೈವಿಂಗ್ ಶಾಲೆಯ ಮಾಲೀಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ನನ್ನನ್ನು ಮೂರು ಸಲ ಫೇಲ್ ಮಾಡಿರುವ ಇನ್ಸ್‌ಪೆಕ್ಟರ್ ಸಾಹೇಬರೇ, ನನಗೆ ಕಲಿಸಿದ ಮಾಸ್ಟರೇ, ಲೈಸೆನ್ಸ್ ಸಿಕ್ಕಿರುವ ಮತ್ತು ಇನ್ನೂ ಸಿಗದಿರುವ ಸಭಿಕರೇ,

ನಾನು ಭಾಷಣ ಮಾಡುವವಳಲ್ಲ. ಸಾಹಿತ್ಯದಲ್ಲಿ ಎಂ.ಎ. ಮಾಡಿದವರಿಗೆಲ್ಲ ಮಾತು ಬರುತ್ತದೆ ಎಂದು ಮಾಸ್ಟರ್ ನಂಬಿದ್ದಾರೆ. 'ಮನಸ್ಸಿನಲ್ಲಿ ಕಂಡದ್ದು ಕೈಗೂಡುತ್ತದೆ' ಎಂಬ ವಿಷಯವನ್ನೂ ಅವರೇ ಕೊಟ್ಟಿದ್ದಾರೆ. ಕೈಗೂಡುತ್ತದೆಯೇ? ಆ ವಿಷಯ ನನ್ನನ್ನೇ ಕೇಳಿ.

ಮಾಸ್ಟರ್ ಅವರ ಪದ್ಧತಿ ನಿಮಗೆಲ್ಲ ಗೊತ್ತು. ಮನೆಯಲ್ಲಿ ಕುರ್ಚಿ ಹಾಕಿಕೊಳ್ಳಬೇಕು, ಊಟದ ತಟ್ಟೆಯನ್ನು ಸ್ಟೀರಿಂಗ್‌ನಂತೆ ಹಿಡಿಯಬೇಕು, ಕಣ್ಣು ಮುಚ್ಚಿ ದಿನಕ್ಕೆ ಅರ್ಧ ಗಂಟೆ ಗಾಡಿ ಓಡಿಸಬೇಕು. "ಮನಸಲ್ಲಿ ಓಡಿಸಿದೋರಿಗೆ ರಸ್ತೇಲಿ ಓಡಿಸೋದು ಏನು ಮಹಾ ಕಣಮ್ಮ" ಎನ್ನುತ್ತಾರೆ. ಸಂಚಾರಿ ಗ್ರಂಥಾಲಯದ ವ್ಯಾನಿನ ಕೆಲಸಕ್ಕೆ ನನಗೆ ಲೈಸೆನ್ಸ್ ಬೇಕಿತ್ತು. ಐದು ತಿಂಗಳು ಕುರ್ಚಿ ಓಡಿಸಿದೆ. ಒಂದು ದಿನವೂ ತಪ್ಪಿಸಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಬೆಲ್ಟ್ ಹಾಕಿದೆ, ಕನ್ನಡಿ ನೋಡಿದೆ, ಕ್ಲಚ್ ಒತ್ತಿದೆ, ಗೇರ್ ಹಾಕಿದೆ, ಸ್ಟೀರಿಂಗ್ ತಿರುಗಿಸಿದೆ. ಸಾಹೇಬರು ಕಿಟಕಿಯಾಚೆ ಇಣುಕಿ ನೋಡಿ, "ಎಲ್ಲೀವರೆಗೂ ಬಂದ್ವಮ್ಮ?" ಎಂದರು. ನಾನು ಗಾಡಿಯನ್ನು ಸ್ಟಾರ್ಟೇ ಮಾಡಿರಲಿಲ್ಲ. ಕುರ್ಚಿಗೆ ಕೀಲಿ ಎಲ್ಲಿರುತ್ತದೆ, ಹೇಳಿ?

ಎರಡನೇ ಸಲ ಗಾಡಿ ಹಿಂದಕ್ಕೆ ತೆಗೆಯುವುದು ಚೆನ್ನಾಗಿ ಬರಲಿ ಎಂದು ಕಣ್ಣು ಮುಚ್ಚಿಕೊಂಡೆ. ಸಾಹೇಬರು ಕೂಗಿದ್ದು ಪಕ್ಕದ ಕಚೇರಿಯವರಿಗೂ ಕೇಳಿಸಿತಂತೆ.

ಮೂರನೇ ಸಲ ಅವರು ಬಲಕ್ಕೆ ಎಂದರು. ನಾನು ಎಡಕ್ಕೆ ತಿರುಗಿಸಿದೆ. ಇದರಲ್ಲಿ ಮಾತ್ರ ನನ್ನ ತಪ್ಪಿಲ್ಲ, ನಮ್ಮ ತಾಯಿಯವರದ್ದು.

ನಾನು ಕುರ್ಚಿ ಓಡಿಸುವಾಗ ತಾಯಿಯವರು ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ದಿನವೂ ಒಂದೇ ದಾರಿ. "ಪೆಟ್ರೋಲ್ ಬಂಕ್ ದಾಟು. ಹಾಂ, ಎಡಕ್ಕೆ ತಗೋ. ನೀಲಿ ಗೇಟು ಕಾಣ್ತಾ?" ಅದು ನನ್ನ ದೊಡ್ಡಮ್ಮನ ಮನೆ. ಅಜ್ಜಿ ಬಟ್ಟೆ ಹೊಲಿಯುತ್ತಿದ್ದವರು. ಅವರು ಹೋದ ಮೇಲೆ ಹೊಲಿಗೆ ಯಂತ್ರ ದೊಡ್ಡಮ್ಮನ ಪಾಲಾಯಿತು, ಕತ್ತರಿ ನಮ್ಮ ಮನೆಯಲ್ಲೇ ಉಳಿಯಿತು. ಯಾವುದು ಯಾರಿಗೆ ಸೇರಬೇಕಿತ್ತು ಎಂದು ಜಗಳ ಶುರುವಾಗಿ, ಅಕ್ಕತಂಗಿಯರ ನಡುವೆ ಮಾತು ನಿಂತು ಒಂಬತ್ತು ವರ್ಷ. ಗೇಟು ಬಂದ ಕೂಡಲೇ ತಾಯಿ, "ಸಾಕು, ತಿರುಗಿಸ್ಕೋ" ಎನ್ನುತ್ತಿದ್ದರು. ಆಮೇಲೆ ಎಷ್ಟೋ ಹೊತ್ತು ಅವರ ಮುಖ ತಿಳಿಯಾಗಿರುತ್ತಿತ್ತು.

ಇದನ್ನೆಲ್ಲ ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ನಾಲ್ಕನೇ ಸಲ ಪಾಸಾದೆ. ಹೇಗೆಂದರೆ, ಕುರ್ಚಿಯನ್ನು ಅಟ್ಟಕ್ಕೆ ಹಾಕಿ, ಮಾಸ್ಟರ್ ಅವರ ಕೆಂಪು ಕಾರನ್ನು ಮೂರು ವಾರ ಗೋಡೆಗೂ ಗೇಟಿಗೂ ಉಜ್ಜಿದೆ. ಕೆಲಸವೂ ಸಿಕ್ಕಿತು. ಮಾಸ್ಟರೇ, ಕ್ಷಮಿಸಿ. ನಿಮ್ಮ ಪದ್ಧತಿಯಿಂದ ಲಾಭವಿಲ್ಲ ಎನ್ನುತ್ತಿಲ್ಲ. ಆದರೆ ಕಣ್ಣು ಮುಚ್ಚಿ ಹೋಗಿ ಬಂದವರಿಗೆ ನಿಜವಾಗಿಯೂ ಹೋಗಿ ಬಂದಷ್ಟೇ ಸಮಾಧಾನವಾಗಿಬಿಡುತ್ತದೆ. ಆಮೇಲೆ ಅವರನ್ನು ಎಬ್ಬಿಸುವವರು ಯಾರು?

ಮೊನ್ನೆ ಸುದ್ದಿ ಬಂತು. ದೊಡ್ಡಮ್ಮ ಮನೆ ಖಾಲಿ ಮಾಡಿ ನಾಳೆ ಬೆಳಿಗ್ಗೆ ದೂರದ ಊರಿನ ಮಗಳ ಮನೆಗೆ ಹೊರಡುತ್ತಾರೆ. "ಅಮ್ಮ, ಈಗಲಾದ್ರೂ ಹೋಗೋಣ, ನಾನು ಕರ್ಕೊಂಡು ಹೋಗ್ತೀನಿ" ಎಂದೆ. ತಾಯಿ ಏನೆಂದರು ಗೊತ್ತೇ? "ದಿನಾ ಹೋಗ್ತಿದ್ವಲ್ಲೇ."

ಇಂಥವರಿಗೆ ಏನು ಹೇಳುವುದು, ಸಭಿಕರೇ?

ಈ ಭಾಷಣಕ್ಕೆ ಒಪ್ಪಿಕೊಂಡದ್ದು ಒಂದೇ ಷರತ್ತಿನ ಮೇಲೆ. ಕೆಂಪು ಕಾರು ಇವತ್ತು ಸಂಜೆಯವರೆಗೆ ನನ್ನದು. ತಾಯಿಯವರನ್ನು ಭಾಷಣ ಕೇಳಲು ಬಾ ಎಂದಷ್ಟೇ ಹೇಳಿ ಕರೆತಂದಿದ್ದೇನೆ. ಕೊನೆಯ ಸಾಲಿನಲ್ಲಿ, ಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಾರೆ. ಭಾಷಣ ಕೇಳಲು ಬರುವವರು ಅಜ್ಜಿಯ ಕತ್ತರಿಯನ್ನು ಟವೆಲಿನಲ್ಲಿ ಸುತ್ತಿ ತರುತ್ತಾರೆಯೇ? ಚೀಲಕ್ಕೆ ಹಾಕಿಕೊಳ್ಳುವಾಗ ನೋಡಿದೆ, ಅಮ್ಮ.

ಪೆಟ್ರೋಲ್ ಬಂಕ್ ದಾಟಿ ಎಡಕ್ಕೆ. ದಾರಿ ನನಗೆ ಬಾಯಿಪಾಠ. ಕೀಲಿಯೂ ಕೈಯಲ್ಲಿದೆ. ಗೇಟಿನ ಹತ್ತಿರ ನೀನು ತಿರುಗಿಸ್ಕೋ ಅಂದರೆ ನಾನು ಗಾಡಿ ಆಫ್ ಮಾಡುತ್ತೇನೆ. ಏಳು.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಇನ್ನೂ ಬಣ್ಣ ಉಳಿದಿರುವ ಆ ಕಾರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.