ಬೀದಿ ಮೂಲೆಯ ಬ್ಯಾನರ್

ಇಲೋಯ್ಲೋ ಪೇಟೆಯಿಂದ ಹೊರಟ ಜೀಪ್ನಿ ಎಂಬ ಉದ್ದನೆಯ ಬಾಡಿಗೆ ಜೀಪಿನಲ್ಲಿ ನನ್ನೆದುರು ಒಬ್ಬಾಕೆ, ಪಕ್ಕದಲ್ಲಿ ಯೂನಿವರ್ಸಿಟಿ ಮುಗಿಸಿ ಊರಿಗೆ ಹೊರಟ ಅವಳ ಅಕ್ಕನ ಮಗಳು ಜೊವೆಲಿನ್. ಚಿಕ್ಕಮ್ಮನ ಪಿಸುಮಾತು ಡ್ರೈವರಿಗೂ ಕೇಳುವಂಥದ್ದು.

"ನಿಮ್ಮಮ್ಮ ಬೀದಿ ಮೂಲೇಲಿ ಬ್ಯಾನರ್ ಕಟ್ಸಿದಾಳೆ ಕಣೇ! ಮೇಯರ್ ಮುಖಕ್ಕಿಂತ ನಿನ್ನದೇ ದೊಡ್ಡದು."

"ಅಯ್ಯೋ, ಏನಂತ ಬರೆಸಿದಾಳೆ?"

"ನಿನ್ನ ಹೆಸರು, ಮಹಿಳಾ ಅಧ್ಯಯನದಲ್ಲಿ ಎಂ.ಎ. ಪಾಸು ಅಂತ. ಎಲ್ಲರೂ ಕಟ್ಸಲ್ವಾ?"

"ಚಿಕ್ಕಮ್ಮಾ, ಕಬ್ಬಿನ ಗದ್ದೆ ಹೆಂಗಸರ ಕಷ್ಟ ಕೇಳೋಕೆ ಹೋಗಿದ್ವಲ್ಲ, ನನ್ನ ಜೊತೆಗಿದ್ದ ಇಬ್ಬರನ್ನ ಕಾಡಿನ ಬಂಡಾಯಗಾರರು ಅಂತ ಮಿಲಿಟರಿಯೋರು ಹಿಡ್ಕೊಂಡು ಹೋಗಿದಾರೆ."

"ಅದಕ್ಕೇನಾ ಅವರು ಬಂದಿದ್ದು?"

"ಯಾರು?"

"ಬೈಕಲ್ಲಿ ಇಬ್ರು. ಬ್ಯಾನರಿನ ಫೋಟೊ ತೆಗೆದ್ರು. ಶುಭಾಶಯ ಹೇಳೋಕೆ ಬಂದೋರು ಅಂದ್ಕೊಂಡು ನಿಮ್ಮಮ್ಮ ಒಳಗೆ ಕರೆದು ತಿಂಡಿ ಕೊಟ್ಟಳು."

"ಏನ್ ಕೇಳಿದ್ರು?"

"ಮಗಳು ಯಾವಾಗ ಬರ್ತಾಳೆ ಅಂತ. ಇವತ್ತೇ, ಊಟಕ್ಕೆ ನೀವೂ ಬನ್ನಿ ಅಂದಳು."

ಜೊವೆಲಿನ್ ಜೀಪ್ನಿಯ ಚಾವಣಿ ಬಡಿದಳು.

"ನಮ್ಮ ಸ್ಟಾಪ್ ಇನ್ನೂ ಬಂದಿಲ್ಲ ಕಣೇ!"

"ಅದಕ್ಕೇ ಇಲ್ಲೇ ಇಳೀತಿದೀನಿ."

ಇಬ್ಬರೂ ಇಳಿದರು. ಚಿಕ್ಕಮ್ಮ ತನ್ನ ಹೆಗಲ ಟವಲನ್ನು ಹುಡುಗಿಯ ತಲೆಗೆ ಹೊದಿಸಿ, ಮುಖ ಮುಚ್ಚುವಂತೆ ಎಳೆದು, ಕಿವಿಯಲ್ಲಿ ಏನೋ ಹೇಳಿದಳು. ಈ ಸಲದ ಪಿಸುಮಾತು ಯಾರಿಗೂ ಕೇಳಿಸಲಿಲ್ಲ.