ಬೆರಳಿಡದೆ ಬಂದ ಸುಳ್ಳಪ್ಪ

ಇದು ಎಲ್ಲೋ ಓದಿದ್ದಲ್ಲ. ನನ್ನ ಚಿಕ್ಕಮ್ಮನ ಮಗನಿಗೆ ಆದದ್ದು. ನಂಬದವರು ಈಗಲೇ ಎದ್ದು ಹೋಗಿ ಮಲಗಿಬಿಡಿ. ಅರ್ಧದಲ್ಲಿ ಎದ್ದರೆ ಕತ್ತಲಲ್ಲಿ ಒಬ್ಬರೇ ಹೋಗಬೇಕಾಗುತ್ತೆ, ಆಮೇಲೆ ನನ್ನನ್ನು ಬೈಯಬೇಡಿ.

ಅವನು ಜಿಮ್ಮಿನಿಂದ ಮನೆಗೆ ನಡೆದು ಹೊರಟಿದ್ದ. ರಾತ್ರಿ ಬಹಳ ಹೊತ್ತಾಗಿತ್ತು. ಜಿಮ್ಮಿನ ಓಣಿಯ ಕೊನೆಗೆ ಒಂದು ಹಳೇ ಬಾವಿ ಇದೆ. ಈಗ ಅದರಲ್ಲಿ ನೀರು ಸೇದುವವರಿಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಸರಿಯಾಗಿ ಆ ಬಾವಿ ದಾಟುವಾಗ ಜೇಬಿನಲ್ಲಿ ಫೋನು ಗುರ್ ಅಂತು. ತೆಗೆದು ನೋಡಿದ. ಅವನೇ ಮಾಡಿದ ಆ್ಯಪು, ಅವನೇ ಬರೆದಿಟ್ಟ ಮಾತು: ‘ಸುಳ್ಳಪ್ಪ ಒಳಗೆ ಬಂದಿದ್ದಾರೆ.’

ಅವನು ನಿಂತುಬಿಟ್ಟ... ಯಾಕೆಂದರೆ ಸುಳ್ಳಪ್ಪ ಅನ್ನೋ ಮನುಷ್ಯನೇ ಇಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಮ್ಮ ಹುಡುಗ ಕಂಪ್ಯೂಟರ್ ಓದುತ್ತಿದ್ದ, ಕೊನೇ ವರ್ಷ. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಕೂತಿರುತ್ತಾನೆ ಅಂತ ಮಾವ ಅವನನ್ನು ಗೂಬೆ ಅಂತಲೇ ಕರೆಯೋದು. ಮಾವ ಅಂದರೆ ನಮ್ಮಮ್ಮಂದಿರ ತಮ್ಮ. ಗೂಬೆಯ ಅಪ್ಪ ತೀರಿಹೋದ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಮಾವನಿಗೆ ಏನಾದರೂ ಆದರೆ ನನಗೆ ಯಾರೂ ಇಲ್ಲ ಅಂತ ಈ ಹುಡುಗ ಬಾಯಿಬಿಟ್ಟು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆ ಮಾವ ಒಂದು ಜಿಮ್ಮು ತೆರೆಯಲು ಹೊರಟ. ಸದಸ್ಯರನ್ನು ಸೇರಿಸಿಕೊಳ್ಳೋದು, ಯಾರಿಗೆ ಯಾವ ಪಾಳಿ ಅಂತ ಬುಕ್ ಮಾಡೋದು, ಬಾಗಿಲು ತೆರೆಯೋದು, ಎಲ್ಲದಕ್ಕೂ ಒಂದು ಆ್ಯಪು ಮಾಡಿಕೊಡು ಅಂದ. ಗೂಬೆಗೆ ಅದೇ ಕಾಲೇಜಿನ ಪ್ರಾಜೆಕ್ಟೂ ಆಯಿತು. ಮಾವ ಒಂದೇ ಒಂದು ಕರಾರು ಹಾಕಿದ.

“ಬಿಟ್ಟು ಹೋಗೋರ ಪಾಳಿ ಹಾಳಾಗಬಾರ್ದು ಕಣೋ. ಅವರ ಬದಲು ಇನ್ಯಾರಾದ್ರೂ ಬಂದು ತೀರಿಸ್ಬೇಕು.”

ಅವನೂ ಹಾಗೇ ಬರೆದ. ಯಾರನ್ನಾದರೂ ತೆಗೆದುಹಾಕಬೇಕಾದರೆ ಅವರ ಪಾಳಿಯನ್ನು ಇನ್ನೊಬ್ಬರಿಗೆ ದಾಟಿಸಲೇಬೇಕು. ದಾಟಿಸದೆ ತೆಗೆಯಲು ಬರುವುದಿಲ್ಲ.

ಆ್ಯಪು ಸರಿಯಿದೆಯೋ ಅಂತ ನೋಡಲು ಒಬ್ಬ ಸುಳ್ಳು ಸದಸ್ಯ ಬೇಕು. ಪ್ರೋಗ್ರಾಂ ಬರೆಯೋರೆಲ್ಲ ಹೀಗೇ ಮಾಡ್ತಾರಂತೆ. ಅದೇ ಸಂಜೆ ಜಿಮ್ಮಿನಲ್ಲಿ ಕೂತು ಇವನು ತಮಾಷೆಗೆ ಸುಳ್ಳಪ್ಪ ಅಂತ ಹೆಸರಿಟ್ಟ. ರಾತ್ರಿಯ ಕೊನೇ ಪಾಳಿ ಕೊಟ್ಟ, ಆ ಹೊತ್ತಿಗೆ ಯಾರೂ ಬರೋದಿಲ್ಲ ಅಂತ. ಬಾಗಿಲ ಪಕ್ಕದ ಬೆರಳಚ್ಚಿನ ಮಿಷಿನ್ನು ‘ಬೆರಳಿಡಿ’ ಅಂತ ತೋರಿಸಿತು. ಇವನ ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೀಬೋರ್ಡಿನ ಮೇಲೆ. ಕುರ್ಚಿಯಿಂದ ಏಳಬೇಕು, ಅಷ್ಟರಲ್ಲೇ...

ಟಿಂಗ್.

‘ಬೆರಳು ದಾಖಲಾಗಿದೆ.’

ಬಾಗಿಲ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಎದೆ ಧಸಕ್ಕೆನ್ನಬೇಕಾದದ್ದು ಅಲ್ಲೇ. ಆದರೆ ಬೆಳಗಾದರೆ ಜಿಮ್ಮು ತೆರೆಯುವುದಿದೆ, ಕೆಲಸ ಬೆಟ್ಟದಷ್ಟು ಬಿದ್ದಿದೆ. ಡಬ್ಬಾ ಮಿಷಿನ್ನು, ಏಳೋ ಕಷ್ಟ ತಪ್ಪಿತು ಅಂದುಕೊಂಡು ಪುಣ್ಯಾತ್ಮ ಟೀ ಕುಡಿದ. ಸೋಮಾರಿತನಕ್ಕೂ ಒಂದು ಮಿತಿ ಬೇಡವೇ?

ಈಗ ಬಾವಿಯ ಹತ್ತಿರ ಬನ್ನಿ. ಫೋನು ಕೈಯಲ್ಲಿದೆ. ಓಣಿಯಲ್ಲಿ ನಾಯಿಯೂ ಉಸಿರೆತ್ತುತ್ತಿಲ್ಲ. ಆಗ ಹಿಂದಿನಿಂದ, ಜಿಮ್ಮಿನ ಕಡೆಯಿಂದ, ಸದ್ದು ಕೇಳಿಸಿತು. ಮೊದಲು ಗುಂಯ್... ಅಂತ, ಟ್ರೆಡ್‌ಮಿಲ್ಲಿನ ಪಟ್ಟಿ ತಿರುಗುವ ಸದ್ದು. ಅದರ ಮೇಲೆ ಇನ್ನೊಂದು. ಪಚ್... ಪಚ್... ಪಚ್... ಬೂಟಿನದಲ್ಲ. ಒದ್ದೆ ಬರಿಗಾಲಿನದು.

ಮಾವ ಇನ್ನೂ ಒಳಗಿದ್ದಾನೆ ಅನ್ನೋದು ಆಗ ನೆನಪಾಯಿತು. ‘ನೀನು ನಡಿ, ಕನ್ನಡಿ ಒರೆಸಿ ಬರ್ತೀನಿ’ ಅಂದಿದ್ದ. ಹುಡುಗ ಬಿದ್ದನೋ ಎದ್ದನೋ ಅಂತ ವಾಪಸು ಓಡಿದ.

ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಗ್ಗಿದ. ದೀಪ ಆರಿತ್ತು, ಟ್ರೆಡ್‌ಮಿಲ್ಲಿನ ಕೆಂಪು ಅಂಕಿಗಳ ಬೆಳಕಷ್ಟೇ. ಕೊನೇ ಟ್ರೆಡ್‌ಮಿಲ್ಲು ಓಡುತ್ತಿತ್ತು. ಅದರ ಮೇಲೆ ಯಾರೂ ಇಲ್ಲ. ಪಟ್ಟಿ ಮಾತ್ರ ಒದ್ದೆ. ಮಾವ ಕನ್ನಡಿಗೆ ಬೆನ್ನು ಒತ್ತಿಕೊಂಡು ನಿಂತಿದ್ದ, ಕೈಯಲ್ಲಿ ಒರೆಸೋ ಬಟ್ಟೆ.

“ಮಾವ... ಬಾ ಹೋಗೋಣ.”

“ಆಗ್ತಿಲ್ಲ ಕಣೋ...” ಮಾವ ಪಿಸುಗುಟ್ಟಿದ. “ನಾನು ಹೆಜ್ಜೆ ಎತ್ತಿದ್ರೆ ಅದು ಜೋರಾಗಿ ಓಡುತ್ತೆ.”

“ಸುಮ್ನೆ ಬಾ...”

ಮಾವ ಒಂದು ಹೆಜ್ಜೆ ಇಟ್ಟ. ಪಚ್‌ಪಚ್‌ಪಚ್‌ಪಚ್... ಮಾವ ನಿಂತ. ಪಚ್... ಪಚ್...

ಆಮೇಲೆ ಅದೂ ನಿಂತಿತು. ಪಟ್ಟಿ ಉಸ್ ಅಂತ ನಿಂತುಕೊಂಡಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ರಬ್ಬರ್ ಹಾಸಿನ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿತು. ಬೆರಳುಗಳು ಮಾವನ ಕಡೆಗಿದ್ದವು.

ಹುಡುಗ ಫೋನು ತೆಗೆದ. ಸುಳ್ಳಪ್ಪನ ಹೆಸರು ಒತ್ತಿ, ‘ತೆಗೆದುಹಾಕಿ’ ಒತ್ತಿದ. ಅವನೇ ಬರೆದ ಆ್ಯಪು ಅವನನ್ನೇ ಕೇಳಿತು: ‘ಇವರ ಪಾಳಿ ಯಾರಿಗೆ?’

ಜಿಮ್ಮು ಇನ್ನೂ ತೆರೆದಿರಲಿಲ್ಲವಲ್ಲ, ಆ್ಯಪಿನಲ್ಲಿ ಇದ್ದವರೇ ಮಾವ ಮತ್ತು ಅವನು. ಮಾಲೀಕ ಅಂತ ಮಾವನ ಹೆಸರು ತಾನಾಗೇ ಬಂದು ಕೂತಿತ್ತು. ಕೆಳಗೆ ‘ಸರಿ’ ಅಂತ ಒಂದು ಗುಂಡಿ. ಅದೊಂದನ್ನು ಒತ್ತಿದ್ದರೆ ಮುಗಿಯುತ್ತಿತ್ತು.

ಪಚ್... ಇನ್ನೊಂದು ಹೆಜ್ಜೆ. ಮಾವ ಕಣ್ಣು ಮುಚ್ಚಿಕೊಂಡ.

ಗೂಬೆ ಮಾವನ ಹೆಸರು ಅಳಿಸಿ ತನ್ನ ಹೆಸರು ಹಾಕಿದ. ಒತ್ತಿದ.

ಟಿಂಗ್.

ಅಷ್ಟೇ. ಹಾಸಿನ ಮೇಲಿನ ಹೆಜ್ಜೆಗಳು ಬರೀ ನೀರಾಗಿ ಹರಡಿದವು. ಮಾವ ಕಣ್ಣು ಬಿಟ್ಟ.

“ಏನು ಮಾಡ್ದೆ?”

“ಏನಿಲ್ಲ ಮಾವ. ಅವನನ್ನ ತೆಗೆದುಹಾಕ್ದೆ.”

ಯಾರ ಹೆಸರಿಗೆ ದಾಟಿಸಿದ ಅಂತ ಮಾವನಿಗೆ ಇವತ್ತಿಗೂ ಗೊತ್ತಿಲ್ಲ. ನೀವೂ ಹೇಳಬೇಡಿ. ಗೊತ್ತಾದರೆ ಆ ಜೀವದ ಎದೆ ಒಡೆದುಹೋಗುತ್ತೆ.

ಬೆಳಿಗ್ಗೆ ಜಿಮ್ಮು ತೆರೆಯಿತು. ಬಂದವರೆಲ್ಲ ಬೆರಳಿಟ್ಟು ಒಳಗೆ ಹೋದರು. ಗೂಬೆ ಮಾತ್ರ ಬೆರಳಿಡಬೇಕಾಗಿರಲಿಲ್ಲ. ಅವನು ಬಾಗಿಲ ಹತ್ತಿರ ಬಂದರೆ ಸಾಕು, ಟಿಂಗ್. ಮಾವನಿಗೆ ಅದು ಸರಿಬರಲಿಲ್ಲ. ಮಿಷಿನ್ನು ಕಿತ್ತು, ವೈರು ಕತ್ತರಿಸಿ, ರಟ್ಟಿನ ಡಬ್ಬಿಗೆ ತುಂಬಿ ಜಿಮ್ಮಿನ ಅಟ್ಟಕ್ಕೆ ಹಾಕಿದ. ಬಾಗಿಲಿಗೆ ಸಾದಾ ಬೀಗ ಬಂತು. ಕಾಲೇಜಿನವರು ಪ್ರಾಜೆಕ್ಟಿಗೆ ಒಳ್ಳೆಯ ಅಂಕವನ್ನೇ ಕೊಟ್ಟರು.

ಇಷ್ಟೇ ಆಗಿದ್ದರೆ ನಾನೂ, ಹುಡುಗ ಕನಸು ಕಂಡಿರಬೇಕು ಬಿಡು, ಅನ್ನುತ್ತಿದ್ದೆ. ಆದರೆ ಮೊನ್ನೆ ರಾತ್ರಿ ಅವನ ಜೊತೆ ಅದೇ ಓಣಿಯಲ್ಲಿ ಬಂದೆ. ನಿದ್ದೆಹೋದ ನನ್ನ ಮಗಳನ್ನು ಅವನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ. ಜಿಮ್ಮಿನ ಬೀಗ ಹಾಕಿತ್ತು. ಅದರ ಮುಂದೆ ಹಾಯುವಾಗ ಒಳಗಿನಿಂದ, ಮೇಲಿನಿಂದ, ಸಣ್ಣಗೆ... ಟಿಂಗ್.

ನಾನು ನಿಂತೆ. ಅವನು ನಿಲ್ಲಲಿಲ್ಲ.

“ನಡಿ ಅಕ್ಕ,” ಅಂದ ಪಿಸುದನಿಯಲ್ಲಿ. “ಮಗು ಎದ್ದುಬಿಡುತ್ತೆ.”

ಮನೆಗೆ ಬಂದು ಮಗುವನ್ನು ಮಲಗಿಸಿ, ಬೂಟು ಬಿಚ್ಚಿದ. ತಿಂಗಳಿಂದ ಒಂದು ಹನಿ ಮಳೆ ಬಂದಿರಲಿಲ್ಲ. ಬೂಟು ಒಣಗಿತ್ತು. ಕಾಲುಚೀಲ ತೊಟ್ಟಿಕ್ಕುತ್ತಿತ್ತು. ಬೇಕಾದರೆ ನಂಬಿ, ಬೇಡವಾದರೆ ಬಿಡಿ. ಅದನ್ನು ಹಿಂಡಿ ತಂತಿಯ ಮೇಲೆ ಒಣಹಾಕಿದವಳು ನಾನೇ.