ಟೈಲ್ಸ್ ಮೇಸ್ತ್ರಿಯ ಸೊಂಟ

ಫಿಸಿಯೋಥೆರಪಿ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ಬಸ್ ಡ್ರೈವರ್ ಕಿವಿಗೆ, ಪಕ್ಕದ ಬೆಂಚಿನ ಟೈಲ್ಸ್ ಮೇಸ್ತ್ರಿ ಮತ್ತು ಅವನ ಹೆಂಡತಿಯ ಜಟಾಪಟಿ ಬೇಡವೆಂದರೂ ಬೀಳುತ್ತಿತ್ತು.

“ಥೂ, ತಿಂಗಳಾದ್ರೂ ಸೊಂಟನೋವು ಒಂಚೂರೂ ಜಗ್ಗಿಲ್ಲ. ಇವರ ವ್ಯಾಯಾಮ ನೆಚ್ಕೊಂಡು ಕೆಟ್ಟೆ.”

“ನೀವು ಮಾಡಿದ್ದು ಯಾವಾಗ?”

“ದಿನವೆಲ್ಲ ನೆಲದ ಮೇಲೇ ಮಂಡಿಯೂರಿ ಸಾಯ್ತೀನಿ. ಮನೇಲೂ ನೆಲಕ್ಕೆ ಬೀಳಬೇಕಾ?”

“ಅದಕ್ಕೇ ‘ನೀನು ಮಾಡಿ ತೋರ್ಸು, ನೋಡಿ ಕಲೀತೀನಿ’ ಅಂತ ಮಂಚದ ಮೇಲೆ ಮಲಗಿರ್ತಿದ್ರಿ.”

“ನೋಡ್ಲಿಲ್ವಾ? ಕಾಲು ಇನ್ನೂ ಎತ್ತು ಅಂತ ದಿನಾ ತಿದ್ದಿದ್ದು ಯಾರು?”

“ನೀವೇ. ನನ್ನ ಸೊಂಟನೋವು ಪೂರ್ತಿ ಹೋಯ್ತು.”

“ನಿನಗೆಲ್ಲಿತ್ತು ಸೊಂಟನೋವು?”

“ಎರಡನೇ ಹೆರಿಗೆ ಆದಾಗಿನಿಂದ ಇತ್ತು. ನೀವು ಕೇಳ್ತಿರೋದೇ ಇವತ್ತು.”

ಒಳಗಿಂದ ಮೇಸ್ತ್ರಿಗೆ ಕರೆ ಬಂತು. ಅವನು ಬೆಂಚು ಹಿಡಿದು ನರಳುತ್ತ ಏಳುವಷ್ಟರಲ್ಲಿ ಅವಳು ಬಾಗಿಲು ದಾಟಿಯಾಗಿತ್ತು.